ಭಾರತದ ನಗರೀಕರಣದಲ್ಲಿ ಪ್ರಾದೇಶಿಕ ವ್ಯತ್ಯಾಸಗಳು

ಭಾರತದ ಜನಸಂಖ್ಯೆಯು ಗ್ರಾಮವಾಸದಿಂದ ನಗರವಾಸಕ್ಕೆ ಹೊರಳುತ್ತಿರುವ ಪ್ರಕ್ರಿಯೆಯ ವೇಗ, ಸ್ವರೂಪ ಮತ್ತು ಕಾರಣಗಳು ರಾಜ್ಯದಿಂದ ರಾಜ್ಯಕ್ಕೆ, ಅನೇಕ ವೇಳೆ ಒಂದೇ ರಾಜ್ಯದ ಜಿಲ್ಲೆಯಿಂದ ಜಿಲ್ಲೆಗೆ ಬಹಳ ಭಿನ್ನವಾಗಿವೆ. 2011ರ ಜನಗಣತಿಯ ಪ್ರಕಾರ ದೇಶದ ಸುಮಾರು 121 ಕೋಟಿ ಜನರಲ್ಲಿ 37.7 ಕೋಟಿ ಜನರು, ಎಂದರೆ ಶೇ. 31.2ರಷ್ಟು ಮಂದಿ, ನಗರ ಪ್ರದೇಶಗಳಲ್ಲಿ ವಾಸಿಸುತ್ತಿದ್ದರು. ಆದರೆ ಈ ಸರಾಸರಿಯು ಯಾವುದೇ ಒಂದು ಪ್ರದೇಶದ ಸ್ಥಿತಿಯನ್ನು ಸರಿಯಾಗಿ ಹೇಳುವುದಿಲ್ಲ. ಅದೇ ವರ್ಷ ತಮಿಳುನಾಡಿನಲ್ಲಿ ನಗರವಾಸಿಗಳ ಪ್ರಮಾಣ ಶೇ. 48.4 ಇದ್ದರೆ ಬಿಹಾರದಲ್ಲಿ ಶೇ. 11.3, ಹಿಮಾಚಲ ಪ್ರದೇಶದಲ್ಲಿ ಶೇ. 10 ಮಾತ್ರ ಇತ್ತು. ಸ್ಥೂಲವಾಗಿ ದಕ್ಷಿಣ ಮತ್ತು ಪಶ್ಚಿಮದ ರಾಜ್ಯಗಳು ಹೆಚ್ಚು ನಗರೀಕರಣಗೊಂಡಿದ್ದು, ಗಂಗಾ ಬಯಲಿನ ಹಾಗೂ ಪೂರ್ವದ ರಾಜ್ಯಗಳು ಹಿಂದಿವೆ. ಈ ವ್ಯತ್ಯಾಸದ ಒಂದು ಭಾಗ ಆರ್ಥಿಕತೆಯಿಂದಲೂ ಇನ್ನೊಂದು ಭಾಗ ಇತಿಹಾಸದಿಂದಲೂ ಬಂದದ್ದು; ಅಲಕ್ಷಿಸಲಾಗದ ಮೂರನೆಯ ಭಾಗವು 'ನಗರ' ಎಂಬುದನ್ನು ಅಳೆಯುವ ಕ್ರಮದಿಂದಲೇ ಹುಟ್ಟಿದ್ದು.

ವ್ಯಾಖ್ಯೆ ಮತ್ತು ಅಳತೆ

ಭಾರತದ ಜನಗಣತಿಯು ಎರಡು ಬಗೆಯ ಊರುಗಳನ್ನು ನಗರವೆಂದು ಪರಿಗಣಿಸುತ್ತದೆ. ಮೊದಲನೆಯದು ಶಾಸನಬದ್ಧ ಪಟ್ಟಣ. ಮಹಾನಗರಪಾಲಿಕೆ, ನಗರಸಭೆ, ಪುರಸಭೆ, ಪಟ್ಟಣ ಪಂಚಾಯಿತಿ, ದಂಡು ಮಂಡಳಿ ಮೊದಲಾದ ನಗರಾಡಳಿತ ಸಂಸ್ಥೆಯನ್ನು ರಾಜ್ಯ ಅಥವಾ ಕೇಂದ್ರ ಸರ್ಕಾರ ಕಾನೂನಿನ ಮೂಲಕ ರಚಿಸಿರುವ ಊರುಗಳು ಈ ಗುಂಪಿಗೆ ಸೇರುತ್ತವೆ. ಎರಡನೆಯದು ಜನಗಣತಿ ಪಟ್ಟಣ. ಇಂತಹ ಊರಿಗೆ ನಗರಾಡಳಿತ ಇರುವುದಿಲ್ಲ. ಅದು ಗ್ರಾಮ ಪಂಚಾಯಿತಿಯ ಅಡಿಯಲ್ಲಿಯೇ ಇರುತ್ತದೆ. ಆದರೆ ಅಲ್ಲಿನ ಜನಸಂಖ್ಯೆ ಕನಿಷ್ಠ 5,000 ಇದ್ದು, ಮುಖ್ಯ ದುಡಿಮೆಗಾರರಾದ ಪುರುಷರಲ್ಲಿ ಶೇ. 75ರಷ್ಟು ಮಂದಿಯಾದರೂ ಕೃಷಿಯೇತರ ಕೆಲಸದಲ್ಲಿದ್ದು, ಜನಸಾಂದ್ರತೆ ಚದರ ಕಿಲೋಮೀಟರಿಗೆ ಕನಿಷ್ಠ 400 ಇದ್ದರೆ ಜನಗಣತಿ ಇಲಾಖೆ ಅದನ್ನು ಪಟ್ಟಣವೆಂದು ಎಣಿಸುತ್ತದೆ. ಈ ಮೂರೂ ಷರತ್ತುಗಳನ್ನು ಒಟ್ಟಿಗೆ ಪೂರೈಸಬೇಕು. ಬಹುತೇಕ ಇದೇ ರೂಪದಲ್ಲಿ ಈ ವ್ಯಾಖ್ಯೆ 1961ರ ಜನಗಣತಿಯಿಂದ ಜಾರಿಯಲ್ಲಿದೆ.

2001ರಲ್ಲಿ ದೇಶದಲ್ಲಿ 1,362 ಜನಗಣತಿ ಪಟ್ಟಣಗಳಿದ್ದವು. 2011ರಲ್ಲಿ ಅವುಗಳ ಸಂಖ್ಯೆ 3,894ಕ್ಕೆ ಏರಿತು. ಇದೇ ಅವಧಿಯಲ್ಲಿ ಶಾಸನಬದ್ಧ ಪಟ್ಟಣಗಳು 3,799ರಿಂದ 4,041ಕ್ಕೆ ಮಾತ್ರ ಹೆಚ್ಚಿದವು. ಆ ದಶಕದ ನಗರ ಜನಸಂಖ್ಯಾ ಹೆಚ್ಚಳದ ಸುಮಾರು ಶೇ. 30ರಷ್ಟು ಭಾಗವು ಹೀಗೆ ಹಳ್ಳಿಗಳೇ ಪಟ್ಟಣಗಳೆಂದು ಮರುವರ್ಗೀಕರಣಗೊಂಡದ್ದರಿಂದ ಉಂಟಾಯಿತೆಂದು ಸಂಶೋಧಕರು ಅಂದಾಜಿಸಿದ್ದಾರೆ. ಎಂದರೆ ಈ ಜನರು ನಗರಕ್ಕೆ ಹೋದವರಲ್ಲ, ಇದ್ದಲ್ಲಿಯೇ ನಗರವಾಸಿಗಳಾದವರು.

ವ್ಯಾಖ್ಯೆಯು ಎಲ್ಲ ರಾಜ್ಯಗಳಿಗೂ ಒಂದೇ ಆಗಿದ್ದರೂ ಅದು ಅನ್ವಯವಾಗುವ ಘಟಕ ಒಂದೇ ಅಲ್ಲ. ಜನಗಣತಿಯು ಕಂದಾಯ ಗ್ರಾಮವನ್ನು ಘಟಕವಾಗಿ ತೆಗೆದುಕೊಳ್ಳುತ್ತದೆ. ಕೇರಳದಲ್ಲಿ 2011ರಲ್ಲಿ ಗ್ರಾಮಗಳೆಂದು ಉಳಿದವು ಸುಮಾರು ಒಂದು ಸಾವಿರ ಮಾತ್ರ; ಒಂದೊಂದರ ಸರಾಸರಿ ಜನಸಂಖ್ಯೆ 17,000ಕ್ಕೂ ಹೆಚ್ಚು. ಉತ್ತರ ಪ್ರದೇಶದಲ್ಲಿ ಜನವಸತಿಯುಳ್ಳ ಗ್ರಾಮಗಳು ಸುಮಾರು 98 ಸಾವಿರ; ಸರಾಸರಿ ಜನಸಂಖ್ಯೆ ಸುಮಾರು 1,600. ಹಿಮಾಚಲ ಪ್ರದೇಶದಲ್ಲಿ ಅದು 350ರ ಆಸುಪಾಸಿನಲ್ಲಿದೆ. ಹೀಗಾಗಿ 5,000ದ ಮಿತಿಯನ್ನು ಕೇರಳದ ಗ್ರಾಮವು ಹುಟ್ಟಿನಿಂದಲೇ ದಾಟಿರುತ್ತದೆ. ಹಿಮಾಚಲದ ಗ್ರಾಮಕ್ಕೆ ಅದನ್ನು ದಾಟುವ ಸಾಧ್ಯತೆಯೇ ಕಡಿಮೆ. ರಾಜ್ಯಗಳ ಪಟ್ಟಿಯನ್ನು ಓದುವಾಗ ಈ ಅಂಶವನ್ನು ಮರೆತರೆ ತಪ್ಪು ನಿರ್ಣಯಗಳಿಗೆ ಬರುವುದು ಸುಲಭ.

ಬಿಹಾರದ ಸಮಸ್ಯೆ ಬೇರೆ ರೀತಿಯದು. ಚದರ ಕಿಲೋಮೀಟರಿಗೆ 1,106 ಜನರಿರುವ ಬಿಹಾರವು 2011ರಲ್ಲಿ ದೇಶದ ಅತಿ ಹೆಚ್ಚು ಜನಸಾಂದ್ರತೆಯ ರಾಜ್ಯವಾಗಿತ್ತು. ಅಲ್ಲಿನ ಅಸಂಖ್ಯಾತ ಹಳ್ಳಿಗಳು ಸಾಂದ್ರತೆಯ ಷರತ್ತನ್ನು ಲೀಲಾಜಾಲವಾಗಿ ಪೂರೈಸುತ್ತವೆ. ಗಾತ್ರದಲ್ಲಿಯೂ ಅನೇಕವು ದೊಡ್ಡವೇ. ಆದರೆ ಪುರುಷರ ದುಡಿಮೆ ಹೆಚ್ಚಾಗಿ ಹೊಲಗದ್ದೆಗಳಲ್ಲಿಯೇ ಇರುವುದರಿಂದ ಅವು ಗ್ರಾಮಗಳಾಗಿ ಉಳಿಯುತ್ತವೆ. ಜನಸಾಂದ್ರತೆ, ಜನಸಂಖ್ಯೆ ಮತ್ತು ದೊಡ್ಡ ನಗರಕ್ಕೆ ಇರುವ ಪ್ರಯಾಣದ ಅವಧಿಯನ್ನು ಆಧರಿಸಿದ ಬೇರೊಂದು ಸೂಚ್ಯಂಕವನ್ನು ಬಳಸಿ ವಿಶ್ವಬ್ಯಾಂಕ್ 2015ರಲ್ಲಿ ಪ್ರಕಟಿಸಿದ ವರದಿಯು, ಭಾರತದ ಅರ್ಧಕ್ಕೂ ಹೆಚ್ಚು ಜನರು ನಗರದ ಲಕ್ಷಣಗಳುಳ್ಳ ಪ್ರದೇಶಗಳಲ್ಲಿ ವಾಸಿಸುತ್ತಿದ್ದಾರೆಂದು ಅಂದಾಜಿಸಿತು. ಅಧಿಕೃತ ಅಂಕಿಗೂ ಈ ಅಂದಾಜಿಗೂ ಇರುವ ಅಂತರವನ್ನು ಆ ವರದಿ 'ಅಡಗಿದ ನಗರೀಕರಣ' ಎಂದು ಕರೆದಿದೆ.

ಐತಿಹಾಸಿಕ ಹಿನ್ನೆಲೆ

1901ರಲ್ಲಿ ಇಂದಿನ ಭಾರತದ ಪ್ರದೇಶದಲ್ಲಿ ನಗರವಾಸಿಗಳ ಪ್ರಮಾಣ ಶೇ. 10.8 ಇತ್ತು. ಮುಂದಿನ ಹತ್ತು ವರ್ಷಗಳಲ್ಲಿ ಅದು ಹೆಚ್ಚುವ ಬದಲು ತುಸು ಕಡಿಮೆಯಾಯಿತು. ಪ್ಲೇಗ್ ಪಿಡುಗಿನ ಕಾಲದಲ್ಲಿ ಜನರು ಪಟ್ಟಣಗಳನ್ನು ಬಿಟ್ಟು ಹೋದದ್ದು ಇದಕ್ಕೆ ಒಂದು ಮುಖ್ಯ ಕಾರಣ. 1898ರಲ್ಲಿ ಬೆಂಗಳೂರಿಗೆ ತಗುಲಿದ ಪ್ಲೇಗಿನ ಪರಿಣಾಮವಾಗಿಯೇ ಹಳೆಯ ಪೇಟೆಯ ಇಕ್ಕಟ್ಟಿನಿಂದ ಹೊರಗೆ ಬಸವನಗುಡಿ ಮತ್ತು ಮಲ್ಲೇಶ್ವರ ಬಡಾವಣೆಗಳು ರೂಪುಗೊಂಡವು.

ವಸಾಹತು ಕಾಲದ ನಗರಗಳು ಮುಖ್ಯವಾಗಿ ಬಂದರು, ರೈಲು ಮತ್ತು ಆಡಳಿತದ ಸುತ್ತ ಬೆಳೆದವು. ಹೂಗ್ಲಿ ನದಿಯ ದಂಡೆಯ ಸೆಣಬಿನ ಗಿರಣಿಗಳು, ಮುಂಬಯಿ ಹಾಗೂ ಅಹಮದಾಬಾದಿನ ಹತ್ತಿ ಗಿರಣಿಗಳು ದೂರದ ಜಿಲ್ಲೆಗಳಿಂದ ಕಾರ್ಮಿಕರನ್ನು ಸೆಳೆದವು. ಕಲ್ಕತ್ತಾ, ಮುಂಬಯಿ, ಮದ್ರಾಸುಗಳ ಹಿನ್ನಾಡಿನಲ್ಲಿ ಮಧ್ಯಮ ಗಾತ್ರದ ನಗರಗಳು ಬೆಳೆದವೇ ಇಲ್ಲವೇ ಎಂಬುದು ಮುಂದಿನ ನೂರು ವರ್ಷಗಳ ಪ್ರಾದೇಶಿಕ ಚಿತ್ರವನ್ನು ಬಹುಮಟ್ಟಿಗೆ ನಿರ್ಧರಿಸಿತು. ಪೂರ್ವದಲ್ಲಿ ಕಲ್ಕತ್ತಾ ಒಂದೇ ಬೃಹತ್ತಾಗಿ ಬೆಳೆದು ಬಿಹಾರ, ಒಡಿಶಾ, ಅಸ್ಸಾಂಗಳ ಪಟ್ಟಣಗಳು ಚಿಕ್ಕವಾಗಿಯೇ ಉಳಿದವು.

1947ರ ದೇಶವಿಭಜನೆಯಿಂದ ಬಂದ ನಿರಾಶ್ರಿತರಲ್ಲಿ ದೊಡ್ಡ ಪಾಲು ದೆಹಲಿ, ಪಂಜಾಬಿನ ಪಟ್ಟಣಗಳು ಮತ್ತು ಕಲ್ಕತ್ತಾದ ಸುತ್ತಮುತ್ತ ನೆಲೆಸಿತು. 1941ರಿಂದ 1951ರ ನಡುವೆ ದೇಶದ ನಗರ ಜನಸಂಖ್ಯೆ ಶೇ. 41ರಷ್ಟು ಬೆಳೆಯಲು ಇದು ಕಾರಣಗಳಲ್ಲಿ ಒಂದು. ಸ್ವಾತಂತ್ರ್ಯಾನಂತರ ಭಿಲಾಯಿ, ರೂರ್ಕೆಲಾ, ದುರ್ಗಾಪುರ, ಬೊಕಾರೊ ಉಕ್ಕಿನ ನಗರಗಳು ಹಾಗೂ ಚಂಡೀಗಢದಂತಹ ಯೋಜಿತ ರಾಜಧಾನಿ ತಲೆಯೆತ್ತಿದವು. ಆದರೆ ಖನಿಜ ಸಂಪತ್ತು ಹೇರಳವಾಗಿದ್ದ ಪೂರ್ವಭಾರತದಲ್ಲಿ ಉಕ್ಕಿನ ನಗರಗಳ ಸುತ್ತ ಇತರ ಕೈಗಾರಿಕೆಗಳು ನಿರೀಕ್ಷಿಸಿದಷ್ಟು ಹರಡಲಿಲ್ಲ. 1952ರಿಂದ 1990ರ ದಶಕದ ಆರಂಭದವರೆಗೆ ಜಾರಿಯಲ್ಲಿದ್ದ ಸರಕು ಸಾಗಣೆ ಸಮೀಕರಣ ನೀತಿಯು ಕಲ್ಲಿದ್ದಲು, ಉಕ್ಕು ಮೊದಲಾದವು ದೇಶದ ಯಾವ ಮೂಲೆಯಲ್ಲಾದರೂ ಬಹುತೇಕ ಒಂದೇ ಬೆಲೆಗೆ ದೊರೆಯುವಂತೆ ಮಾಡಿತು. ಇದರಿಂದ ಗಣಿಯ ಬಳಿಯೇ ಕಾರ್ಖಾನೆ ಸ್ಥಾಪಿಸುವ ಲಾಭ ಇಲ್ಲವಾಗಿ, ಬಂದರು ಮತ್ತು ಮಾರುಕಟ್ಟೆ ಸಮೀಪವಿದ್ದ ಪಶ್ಚಿಮ ಹಾಗೂ ದಕ್ಷಿಣದ ರಾಜ್ಯಗಳಿಗೆ ಅನುಕೂಲವಾಯಿತೆಂಬ ವಿಮರ್ಶೆ ವ್ಯಾಪಕವಾಗಿದೆ.

ಒಟ್ಟು ದೇಶದ ಮಟ್ಟದಲ್ಲಿ ನಗರವಾಸಿಗಳ ಪ್ರಮಾಣ 1951ರಲ್ಲಿ ಶೇ. 17.3, 1971ರಲ್ಲಿ ಶೇ. 19.9, 1991ರಲ್ಲಿ ಶೇ. 25.7, 2001ರಲ್ಲಿ ಶೇ. 27.8 ಆಗಿತ್ತು. ಬೆಳವಣಿಗೆ ಅತಿ ವೇಗವಾಗಿದ್ದುದು 1971-81ರ ದಶಕದಲ್ಲಿ. 2001-11ರಲ್ಲಿ ಸ್ವಾತಂತ್ರ್ಯಾನಂತರ ಮೊದಲ ಬಾರಿಗೆ ನಗರಗಳಲ್ಲಿ ಹೆಚ್ಚಿದ ಜನರ ಸಂಖ್ಯೆಯು (ಸುಮಾರು 9.1 ಕೋಟಿ) ಗ್ರಾಮಗಳಲ್ಲಿ ಹೆಚ್ಚಿದವರ ಸಂಖ್ಯೆಯನ್ನು (ಸುಮಾರು 9.05 ಕೋಟಿ) ಮೀರಿತು.

ದಕ್ಷಿಣದ ರಾಜ್ಯಗಳು

ಕೇರಳದ ಬದಲಾವಣೆ ದೇಶದಲ್ಲಿಯೇ ಅತ್ಯಂತ ನಾಟಕೀಯವಾದುದು. 2001ರಲ್ಲಿ ಶೇ. 26 ಇದ್ದ ಅಲ್ಲಿನ ನಗರವಾಸಿಗಳ ಪ್ರಮಾಣ ಹತ್ತೇ ವರ್ಷಗಳಲ್ಲಿ ಶೇ. 47.7 ಆಯಿತು. ಜನಗಣತಿ ಪಟ್ಟಣಗಳು 99ರಿಂದ 461ಕ್ಕೆ ಏರಿದವು. 2001ರಲ್ಲಿ ಹತ್ತು ಲಕ್ಷ ಮೀರಿದ ನಗರವೆಂದರೆ ಕೊಚ್ಚಿ ಮಾತ್ರ. 2011ರಲ್ಲಿ ಕೋಯಿಕ್ಕೋಡ್, ತ್ರಿಶೂರ್, ಮಲಪ್ಪುರಂ, ತಿರುವನಂತಪುರ, ಕಣ್ಣೂರು, ಕೊಲ್ಲಂ ಸೇರಿ ಏಳು. ಈ ಹತ್ತು ವರ್ಷಗಳಲ್ಲಿ ಕೇರಳಕ್ಕೆ ಜನರು ಪ್ರವಾಹವಾಗಿ ಬರಲಿಲ್ಲ. ರಾಜ್ಯದ ಒಟ್ಟು ಜನಸಂಖ್ಯೆ ಶೇ. 5ರಷ್ಟೂ ಹೆಚ್ಚಲಿಲ್ಲ. ಹೆಚ್ಚಳದ ಬಹುಪಾಲು ಮರುವರ್ಗೀಕರಣದ ಫಲ.

ಅದನ್ನು ಕೇವಲ ಲೆಕ್ಕದ ಆಟವೆನ್ನುವಂತೆಯೂ ಇಲ್ಲ. ಕೇರಳದ ಕರಾವಳಿ ಮತ್ತು ನಡುನಾಡಿನಲ್ಲಿ ಮನೆಗಳು ಗುಂಪಾಗಿ ಕಟ್ಟಿಕೊಂಡ ಊರುಗಳಿಗಿಂತ ತಮ್ಮ ತಮ್ಮ ತೋಟಗಳ ನಡುವೆ ಚದುರಿದಂತೆ ಇರುವುದೇ ಹಳೆಯ ಪದ್ಧತಿ. ಸಾಕ್ಷರತೆ, ಕೊಲ್ಲಿ ರಾಷ್ಟ್ರಗಳಿಂದ ಬರುವ ಹಣ, ವ್ಯಾಪಾರ ಹಾಗೂ ಸೇವಾ ವಲಯದ ವಿಸ್ತರಣೆಗಳು ಸೇರಿ ಕೃಷಿಯನ್ನು ಅವಲಂಬಿಸಿದ ಪುರುಷರ ಪ್ರಮಾಣವನ್ನು ಇಳಿಸಿದವು. ಕಾಸರಗೋಡಿನಿಂದ ತಿರುವನಂತಪುರದವರೆಗೆ ರಸ್ತೆಯಲ್ಲಿ ಸಾಗುವವರಿಗೆ ಪಟ್ಟಣ ಎಲ್ಲಿ ಮುಗಿದು ಹಳ್ಳಿ ಎಲ್ಲಿ ಆರಂಭವಾಯಿತೆಂದು ಹೇಳುವುದು ಕಷ್ಟ. ಹೀಗಿದ್ದೂ ರಾಜ್ಯದೊಳಗೆ ಅಂತರವಿದೆ: ಎರ್ನಾಕುಲಂ ಜಿಲ್ಲೆಯಲ್ಲಿ ನಗರವಾಸಿಗಳು ಶೇ. 68 ಇದ್ದರೆ ಗುಡ್ಡಗಾಡಿನ ವಯನಾಡಿನಲ್ಲಿ ಶೇ. 4ಕ್ಕಿಂತ ಕಡಿಮೆ.

ತಮಿಳುನಾಡಿನದು ಇದಕ್ಕಿಂತ ಹಳೆಯ ಮತ್ತು ನಿಧಾನವಾಗಿ ಗಟ್ಟಿಗೊಂಡ ನಗರೀಕರಣ. ಚೆನ್ನೈ ದೊಡ್ಡದಾದರೂ ಅದೊಂದೇ ರಾಜ್ಯವನ್ನು ಆಳುವುದಿಲ್ಲ. ಕೊಯಮತ್ತೂರು, ಮದುರೈ, ತಿರುಚಿರಾಪಳ್ಳಿ, ಸೇಲಂ, ತಿರುಪ್ಪೂರು, ಈರೋಡು, ಶಿವಕಾಶಿ ಒಂದೊಂದೂ ತನ್ನದೇ ಉದ್ಯಮವನ್ನು ಕಟ್ಟಿಕೊಂಡಿವೆ. 1930ರ ದಶಕದಲ್ಲಿ ಪೈಕಾರಾ ಜಲವಿದ್ಯುತ್ ದೊರೆತ ಮೇಲೆ ಕೊಯಮತ್ತೂರಿನ ಸುತ್ತ ಹತ್ತಿ ಗಿರಣಿಗಳು ವೇಗವಾಗಿ ಹರಡಿದವು. ಸಣ್ಣ ಊರುಗಳಿಗೂ ಪಟ್ಟಣ ಪಂಚಾಯಿತಿಯ ಸ್ಥಾನ ನೀಡುವ ದೀರ್ಘ ಸಂಪ್ರದಾಯ ರಾಜ್ಯದಲ್ಲಿದೆ. ಆದ್ದರಿಂದ 2011ರಲ್ಲಿ ಅಲ್ಲಿ 721 ಶಾಸನಬದ್ಧ ಪಟ್ಟಣಗಳಿದ್ದವು. 2004ರಲ್ಲಿ ರಾಜ್ಯ ಸರ್ಕಾರವು 500ಕ್ಕೂ ಹೆಚ್ಚು ಪಟ್ಟಣ ಪಂಚಾಯಿತಿಗಳನ್ನು 'ವಿಶೇಷ ಗ್ರಾಮ ಪಂಚಾಯಿತಿ'ಗಳೆಂದು ಬದಲಿಸಿತು. ಗ್ರಾಮೀಣಾಭಿವೃದ್ಧಿ ಯೋಜನೆಗಳ ಅನುದಾನ ದೊರೆಯಲೆಂಬುದು ಉದ್ದೇಶವಾಗಿತ್ತು. 2006ರಲ್ಲಿ ಆ ಕ್ರಮವನ್ನು ಹಿಂತೆಗೆದುಕೊಳ್ಳಲಾಯಿತು.

ಅವಿಭಜಿತ ಆಂಧ್ರ ಪ್ರದೇಶದಲ್ಲಿ 2011ರಲ್ಲಿ ನಗರವಾಸಿಗಳು ಶೇ. 33.4 ಇದ್ದರು. 2014ರ ವಿಭಜನೆಯ ನಂತರ ಅದೇ ಅಂಕಿಅಂಶಗಳನ್ನು ಬೇರ್ಪಡಿಸಿದಾಗ ಹೈದರಾಬಾದನ್ನು ಒಳಗೊಂಡ ತೆಲಂಗಾಣದ ಪಾಲು ಸುಮಾರು ಶೇ. 39, ಉಳಿದ ಆಂಧ್ರದ ಪಾಲು ಸುಮಾರು ಶೇ. 29.5 ಆಯಿತು. ಒಂದು ಮಹಾನಗರವು ರಾಜ್ಯದ ಸರಾಸರಿಯನ್ನು ಎಷ್ಟು ಎತ್ತಬಲ್ಲದು ಎಂಬುದಕ್ಕೆ ಇದು ಒಳ್ಳೆಯ ಉದಾಹರಣೆ.

ಪಶ್ಚಿಮದ ರಾಜ್ಯಗಳು

ಸಂಖ್ಯೆಯ ದೃಷ್ಟಿಯಿಂದ ಅತಿ ಹೆಚ್ಚು ನಗರವಾಸಿಗಳಿರುವ ರಾಜ್ಯ ಮಹಾರಾಷ್ಟ್ರ: 2011ರಲ್ಲಿ 5.08 ಕೋಟಿ, ಶೇ. 45.2. ಆದರೆ ಇದು ಮುಂಬಯಿ, ಠಾಣೆ, ಪುಣೆ ಪಟ್ಟಿಯಲ್ಲಿ ಕೇಂದ್ರೀಕೃತವಾಗಿದೆ. ಅದೇ ಕೊಂಕಣ ಕರಾವಳಿಯಲ್ಲಿರುವ ರತ್ನಾಗಿರಿ ಮತ್ತು ಸಿಂಧುದುರ್ಗ ಜಿಲ್ಲೆಗಳಲ್ಲಿ 2001ರಿಂದ 2011ರ ನಡುವೆ ಜನಸಂಖ್ಯೆಯೇ ಇಳಿಯಿತು. ಗಿರಣಿಗಳ ಕಾಲದಿಂದ ಈ ಜಿಲ್ಲೆಗಳ ಗಂಡಸರು ಮುಂಬಯಿಯಲ್ಲಿ ದುಡಿದು ಊರಿಗೆ ಮನಿಯಾರ್ಡರ್ ಕಳುಹಿಸುತ್ತಿದ್ದರು. ಊರಿನ ಬದುಕು ಆ ಹಣದ ಮೇಲೆ ನಿಂತಿತ್ತು. ಪೂರ್ವದ ತುದಿಯಲ್ಲಿರುವ ಗಡಚಿರೋಲಿಯಲ್ಲಿ ನಗರವಾಸಿಗಳು ಶೇ. 11 ಮಾತ್ರ.

ಗುಜರಾತಿನ (ಶೇ. 42.6) ನಗರಗಳು ಅಹಮದಾಬಾದ್, ಸೂರತ್, ವಡೋದರಾ, ರಾಜಕೋಟ್ ಎಂದು ಹಂಚಿಹೋಗಿವೆ. ಸೂರತ್ತಿನ ವಜ್ರ ಸಂಸ್ಕರಣೆ ಮತ್ತು ಕೃತಕ ನೂಲಿನ ಮಗ್ಗಗಳು ಒಡಿಶಾದ ಗಂಜಾಂ ಜಿಲ್ಲೆಯವರೆಗಿನ ಕಾರ್ಮಿಕರನ್ನು ಸೆಳೆದಿವೆ. ಗೋವಾ (ಶೇ. 62.2) ರಾಜ್ಯಗಳ ಪಟ್ಟಿಯಲ್ಲಿ ಮೊದಲನೆಯದು; ಕೇರಳದಂತೆ ಅಲ್ಲಿಯೂ ಗ್ರಾಮೀಣ ಜನಸಂಖ್ಯೆ ಸಂಖ್ಯೆಯಲ್ಲಿಯೇ ಕುಗ್ಗಿದೆ.

ಉತ್ತರ ಮತ್ತು ಪೂರ್ವದ ರಾಜ್ಯಗಳು

ದೆಹಲಿಯ ಸುತ್ತಲಿನ ವಲಯವು ಉತ್ತರ ಭಾರತದ ನಗರೀಕರಣದ ಮುಖ್ಯ ಎಂಜಿನ್. ಹರಿಯಾಣದ ಫರೀದಾಬಾದಿನಲ್ಲಿ 2011ರಲ್ಲಿ ನಗರವಾಸಿಗಳು ಶೇ. 79, ಗುರುಗ್ರಾಮದಲ್ಲಿ ಶೇ. 69 ಇದ್ದರು. ಇವೆರಡಕ್ಕೂ ಅಂಟಿಕೊಂಡಿರುವ ಮೇವಾತ್ (ಈಗಿನ ನೂಹ್) ಜಿಲ್ಲೆಯಲ್ಲಿ ಅದು ಶೇ. 11. ಗಗನಚುಂಬಿ ಕಟ್ಟಡಗಳಿಂದ ಕೆಲವೇ ಕಿಲೋಮೀಟರು ದೂರದಲ್ಲಿ ದೇಶದ ಅತಿ ಹಿಂದುಳಿದ ಜಿಲ್ಲೆಗಳಲ್ಲೊಂದು ಇರುವುದು ಸಾಮೀಪ್ಯವೊಂದೇ ನಗರವನ್ನು ಹರಡಿಸುವುದಿಲ್ಲವೆಂದು ತೋರಿಸುತ್ತದೆ. ಉತ್ತರ ಪ್ರದೇಶದಲ್ಲಿಯೂ ಇದೇ ಒಡಕು ಇನ್ನೂ ಉದ್ದವಾಗಿದೆ: ಪಶ್ಚಿಮದ ಗಾಜಿಯಾಬಾದಿನಲ್ಲಿ ಶೇ. 67ಕ್ಕೂ ಹೆಚ್ಚು, ನೇಪಾಳ ಗಡಿಯ ಶ್ರಾವಸ್ತಿಯಲ್ಲಿ ಶೇ. 3.5. ಹಸಿರು ಕ್ರಾಂತಿಯು ಪಂಜಾಬ್, ಹರಿಯಾಣ ಮತ್ತು ಪಶ್ಚಿಮ ಉತ್ತರ ಪ್ರದೇಶಗಳಲ್ಲಿ ಧಾನ್ಯದ ಮಂಡಿ ಪಟ್ಟಣಗಳನ್ನು ಬೆಳೆಸಿತು. ಪೂರ್ವ ಉತ್ತರ ಪ್ರದೇಶ ಮತ್ತು ಬಿಹಾರಗಳಿಗೆ ಆ ಲಾಭ ಅಷ್ಟಾಗಿ ತಲುಪಲಿಲ್ಲ.

ಬಿಹಾರವು 2001ರಲ್ಲಿ ಶೇ. 10.5 ಇದ್ದದ್ದು 2011ರಲ್ಲಿ ಶೇ. 11.3 ಆಯಿತು. 2000ದಲ್ಲಿ ಜಾರ್ಖಂಡ್ ಬೇರ್ಪಟ್ಟಾಗ ಜಮ್‌ಶೆಡ್‌ಪುರ, ಧನಬಾದ್, ರಾಂಚಿ, ಬೊಕಾರೊಗಳು ಆ ರಾಜ್ಯಕ್ಕೆ ಹೋದವು. ಬಿಹಾರದಲ್ಲಿ ದೊಡ್ಡ ನಗರವಾಗಿ ಉಳಿದದ್ದು ಪಟ್ನಾ ಒಂದೇ. ಬಿಹಾರಿಗಳು ನಗರವಾಸಿಗಳಾಗಿಲ್ಲವೆಂದಲ್ಲ. ಅವರು ದೆಹಲಿ, ಮುಂಬಯಿ, ಲೂಧಿಯಾನ, ಸೂರತ್ತುಗಳಲ್ಲಿ ನಗರವಾಸಿಗಳಾಗಿದ್ದಾರೆ. ಅವರ ಲೆಕ್ಕ ಬೇರೆ ರಾಜ್ಯಗಳ ಖಾತೆಗೆ ಸೇರುತ್ತದೆ.

ಪಶ್ಚಿಮ ಬಂಗಾಳದಲ್ಲಿ ಸೆಣಬು ಮತ್ತು ಯಂತ್ರೋದ್ಯಮಗಳು 1960ರ ದಶಕದ ಮಧ್ಯಭಾಗದಿಂದ ಸೊರಗಿದ ನಂತರ ಕೋಲ್ಕತ್ತದ ಬೆಳವಣಿಗೆ ಮಂದವಾಯಿತು. 2001ರಿಂದ 2011ರ ನಡುವೆ ಕೋಲ್ಕತ್ತ ನಗರಪಾಲಿಕೆಯ ವ್ಯಾಪ್ತಿಯ ಜನಸಂಖ್ಯೆ ತುಸು ಇಳಿಯಿತು. ಆದರೆ ಜನಗಣತಿ ಪಟ್ಟಣಗಳು 252ರಿಂದ 780ಕ್ಕೆ ಏರಿದವು. ದೇಶದ ಯಾವ ರಾಜ್ಯದಲ್ಲಿಯೂ ಇಷ್ಟು ಸಂಖ್ಯೆಯಿಲ್ಲ. ಸಣ್ಣ ಜಮೀನಿನಿಂದ ಹೊಟ್ಟೆ ಹೊರೆಯಲಾಗದೆ ಅಂಗಡಿ, ಸಾರಿಗೆ, ಕಟ್ಟಡ ಕೆಲಸ, ಬೀಡಿ ಕಟ್ಟುವಿಕೆಗಳಿಗೆ ತಿರುಗಿದ ಊರುಗಳು ಇವುಗಳಲ್ಲಿ ಬಹಳವಿವೆ. ಕಾರ್ಖಾನೆಯಿಲ್ಲದೆ, ಮಹಾನಗರದ ಸಾಮೀಪ್ಯವೂ ಇಲ್ಲದೆ ಪಟ್ಟಣವಾಗುವ ಈ ಬಗೆಯನ್ನು ಕೆಲವು ಸಂಶೋಧಕರು 'ಗೌಣ ನಗರೀಕರಣ' ಎಂದು ಅಧ್ಯಯನ ಮಾಡಿದ್ದಾರೆ. ಒಡಿಶಾ (ಶೇ. 16.7) ಮತ್ತು ಅಸ್ಸಾಂ (ಶೇ. 14.1) ದೇಶದ ಸರಾಸರಿಗಿಂತ ಬಹಳ ಕೆಳಗಿವೆ.

ಈಶಾನ್ಯದ ಗುಡ್ಡಗಾಡಿನಲ್ಲಿ ಮಿಜೋರಾಂ ವಿಶಿಷ್ಟ. ಅಲ್ಲಿ ನಗರವಾಸಿಗಳು ಶೇ. 52. 1966ರ ಬಂಡಾಯದ ನಂತರ ಸೇನೆಯು ಚದುರಿದ ಹಳ್ಳಿಗಳನ್ನು ರಸ್ತೆಬದಿಯ ಕೇಂದ್ರಗಳಿಗೆ ಬಲವಂತವಾಗಿ ಒಟ್ಟುಗೂಡಿಸಿತು. ಶಾಂತಿ ಮರಳಿದ ಮೇಲೂ ಅನೇಕರು ಹಳೆಯ ಊರುಗಳಿಗೆ ಹಿಂದಿರುಗಲಿಲ್ಲ. ಕೈಗಾರಿಕೆಯೇ ಇಲ್ಲದ ರಾಜ್ಯವೊಂದರ ಅರ್ಧದಷ್ಟು ಜನ ನಗರವಾಸಿಗಳಾಗಿರುವುದರ ಹಿಂದೆ ಈ ಇತಿಹಾಸವೂ ಇದೆ.

ಕರ್ನಾಟಕ

ಕರ್ನಾಟಕದಲ್ಲಿ ನಗರವಾಸಿಗಳ ಪ್ರಮಾಣ 2001ರಲ್ಲಿ ಶೇ. 34, 2011ರಲ್ಲಿ ಶೇ. 38.7. ರಾಜ್ಯದ 2.36 ಕೋಟಿ ನಗರವಾಸಿಗಳಲ್ಲಿ ಸುಮಾರು 87.5 ಲಕ್ಷ ಜನರು, ಎಂದರೆ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು, ಬೆಂಗಳೂರು ನಗರ ಜಿಲ್ಲೆಯೊಂದರಲ್ಲಿಯೇ ಇದ್ದರು. 2011ರಲ್ಲಿ ಬೆಂಗಳೂರು ಮತ್ತು ಅದಕ್ಕೆ ಹೊಂದಿಕೊಂಡ ಪ್ರದೇಶದ ಜನಸಂಖ್ಯೆ ಸುಮಾರು 85 ಲಕ್ಷ. ಎರಡನೆಯ ಸ್ಥಾನದ ಮೈಸೂರಿನದು 9.9 ಲಕ್ಷ; ಹುಬ್ಬಳ್ಳಿ-ಧಾರವಾಡದ್ದು 9.4 ಲಕ್ಷ. ಮೊದಲನೆಯ ನಗರವು ಎರಡನೆಯದರ ಎಂಟೂವರೆ ಪಟ್ಟು ದೊಡ್ಡದು. ನೆರೆಯ ತಮಿಳುನಾಡಿನಲ್ಲಿ ಚೆನ್ನೈ ಕೊಯಮತ್ತೂರಿನ ನಾಲ್ಕು ಪಟ್ಟು ಮಾತ್ರ. ಬೆಂಗಳೂರನ್ನು ಬಿಟ್ಟರೆ ಹತ್ತು ಲಕ್ಷ ಮೀರಿದ ನಗರ ರಾಜ್ಯದಲ್ಲಿ ಆಗ ಒಂದೂ ಇರಲಿಲ್ಲ.

ಈ ಏಕಕೇಂದ್ರಿತ ಬೆಳವಣಿಗೆಗೆ ದೀರ್ಘ ಹಿನ್ನೆಲೆಯಿದೆ. 1809ರಲ್ಲಿ ಸ್ಥಾಪನೆಯಾದ ದಂಡು ಪ್ರದೇಶ, 1905ರಲ್ಲಿ ಶಿವನಸಮುದ್ರದಿಂದ ಬಂದ ವಿದ್ಯುತ್ತು, 1940ರಲ್ಲಿ ಆರಂಭವಾದ ಹಿಂದೂಸ್ತಾನ್ ಏರ್‌ಕ್ರಾಫ್ಟ್, ನಂತರದ ಐಟಿಐ, ಎಚ್‌ಎಂಟಿ, ಬಿಇಎಲ್ ಸಾರ್ವಜನಿಕ ಉದ್ದಿಮೆಗಳು, 1980ರ ದಶಕದಿಂದ ಬಂದ ಮಾಹಿತಿ ತಂತ್ರಜ್ಞಾನ ಒಂದರ ಮೇಲೊಂದು ಕೂಡಿಕೊಂಡವು. 1956ಕ್ಕೆ ಮುನ್ನ ಮುಂಬಯಿ, ಹೈದರಾಬಾದ್, ಮದ್ರಾಸು ಆಡಳಿತಗಳಲ್ಲಿ ಹಂಚಿಹೋಗಿದ್ದ ಕನ್ನಡ ಪ್ರದೇಶಗಳು ಆಯಾ ದೂರದ ರಾಜಧಾನಿಗಳ ಅಂಚುಗಳಾಗಿದ್ದವು. ಅಲ್ಲಿ ಬೆಂಗಳೂರಿಗೆ ಸಮನಾದ ಕೇಂದ್ರ ಬೆಳೆಯುವ ಅವಕಾಶ ಸಿಗಲಿಲ್ಲ. ಹಳೆಯ ಉದ್ಯಮ ಪಟ್ಟಣಗಳು ಎಲ್ಲವೂ ಉಳಿಯಲೂ ಇಲ್ಲ. 1902ರಲ್ಲಿಯೇ ವಿದ್ಯುತ್ತು ಕಂಡಿದ್ದ ಕೋಲಾರ ಚಿನ್ನದ ಗಣಿ ಪ್ರದೇಶದಲ್ಲಿ 2001ರಲ್ಲಿ ಗಣಿಗಾರಿಕೆ ನಿಂತ ಮೇಲೆ ಸಾವಿರಾರು ಜನರು ದಿನವೂ ರೈಲಿನಲ್ಲಿ ಬೆಂಗಳೂರಿಗೆ ದುಡಿಯಲು ಹೋಗಿಬರುವಂತಾಯಿತು.

ಜಿಲ್ಲೆಗಳ ನಡುವಿನ ಅಂತರಕ್ಕೆ ಒಂದೇ ಕಾರಣವಿಲ್ಲ. ಧಾರವಾಡ ಜಿಲ್ಲೆಯ ಶೇ. 56.8ಕ್ಕೆ ಅವಳಿನಗರವೇ ಆಧಾರ. ದಕ್ಷಿಣ ಕನ್ನಡದ (ಶೇ. 47.7) ಚದುರಿದ ವಸತಿ, ಶಿಕ್ಷಣ, ಬೀಡಿ ಮತ್ತು ಹೆಂಚಿನ ಉದ್ಯಮ, ಬಂದರು, ಹೊರನಾಡಿನ ಗಳಿಕೆಗಳು ಅದನ್ನು ಕೇರಳದ ಮಾದರಿಗೆ ಹತ್ತಿರವಾಗಿಸುತ್ತವೆ. ಅವಿಭಜಿತ ಬಳ್ಳಾರಿಯ ಶೇ. 37.5ರ ಹಿಂದೆ ಗಣಿ ಮತ್ತು ಉಕ್ಕು ಇವೆ. ಕೆಳತುದಿಯಲ್ಲಿ ಕೊಡಗು (ಶೇ. 14.6), ಕೊಪ್ಪಳ (ಶೇ. 16.8), ಮಂಡ್ಯ (ಶೇ. 17.1) ಮತ್ತು ಯಾದಗಿರಿ (ಶೇ. 18.8) ಇವೆ. ಕೊಡಗು ಮತ್ತು ಯಾದಗಿರಿ ಒಂದೇ ಸಾಲಿನಲ್ಲಿ ನಿಂತಿರುವುದನ್ನು ಗಮನಿಸಬೇಕು. ಕೊಡಗಿನದು ಕಾಫಿ ತೋಟಗಳ, ಹೋಲಿಕೆಯಲ್ಲಿ ಅನುಕೂಲಸ್ಥ ಗ್ರಾಮೀಣತೆ. ಮಂಡ್ಯದ್ದು ಕನ್ನಂಬಾಡಿ ಕಟ್ಟೆಯ ನೀರಿನಿಂದ ಕಬ್ಬು, ಭತ್ತ ಬೆಳೆಯುವ ನೀರಾವರಿ ನಾಡಿನದು. ಯಾದಗಿರಿಯದು ಮಳೆಯಾಶ್ರಿತ ಬೇಸಾಯ ಮತ್ತು ಕಡಿಮೆ ಸಾಕ್ಷರತೆಯದು. ಕಡಿಮೆ ನಗರೀಕರಣವೆಂದರೆ ಎಲ್ಲೆಡೆಯೂ ಬಡತನವೆಂದು ಅರ್ಥವಲ್ಲ.

ಡಾ. ಡಿ. ಎಂ. ನಂಜುಂಡಪ್ಪ ಅಧ್ಯಕ್ಷತೆಯ ಪ್ರಾದೇಶಿಕ ಅಸಮಾನತೆ ನಿವಾರಣಾ ಸಮಿತಿಯು 2002ರ ವರದಿಯಲ್ಲಿ ಆಗಿನ 175 ತಾಲ್ಲೂಕುಗಳ ಪೈಕಿ 114ನ್ನು ಹಿಂದುಳಿದವೆಂದು ಗುರುತಿಸಿತು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು. ಹೈದರಾಬಾದ್ ಕರ್ನಾಟಕದ (ಈಗಿನ ಕಲ್ಯಾಣ ಕರ್ನಾಟಕ) ಜಿಲ್ಲೆಗಳಿಗೆ ವಿಶೇಷ ಸ್ಥಾನ ನೀಡುವ ಸಂವಿಧಾನದ 371-ಜೆ ವಿಧಿಯು 2013ರಲ್ಲಿ ಜಾರಿಗೆ ಬಂದಿತು.

ವಲಸೆ ಮತ್ತು ಗುಳೆ

ನಗರಗಳ ಬೆಳವಣಿಗೆಯೆಂದರೆ ಹಳ್ಳಿಯಿಂದ ಬಂದವರ ವಲಸೆಯೆಂಬ ಸಾಮಾನ್ಯ ಭಾವನೆ ಅರ್ಧ ಮಾತ್ರ ನಿಜ. 2001-11ರ ದಶಕದ ನಗರ ಜನಸಂಖ್ಯಾ ಹೆಚ್ಚಳದಲ್ಲಿ ಸುಮಾರು ಶೇ. 44 ನಗರದಲ್ಲಿಯೇ ಹುಟ್ಟಿದವರಿಂದ, ಎಂದರೆ ಜನನ ಮರಣಗಳ ವ್ಯತ್ಯಾಸದಿಂದ ಬಂದದ್ದು. ಉಳಿದದ್ದು ವಲಸೆ, ಹೊಸ ಪಟ್ಟಣಗಳ ಸೇರ್ಪಡೆ ಮತ್ತು ನಗರಗಳ ಎಲ್ಲೆಯ ವಿಸ್ತರಣೆಗಳದ್ದು. 2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ ಮತ್ತು ನೂರಕ್ಕೂ ಹೆಚ್ಚು ಹಳ್ಳಿಗಳನ್ನು ಸೇರಿಸಿ ಬೃಹತ್ ಬೆಂಗಳೂರು ಮಹಾನಗರಪಾಲಿಕೆ ರಚನೆಯಾದುದು ಎಲ್ಲೆ ವಿಸ್ತರಣೆಗೆ ಪರಿಚಿತ ಉದಾಹರಣೆ.

ಲೆಕ್ಕಕ್ಕೆ ಸಿಗದ ಚಲನೆಯೂ ಇದೆ. ಸುಗ್ಗಿ ಮುಗಿದ ಮೇಲೆ ಯಾದಗಿರಿ, ಕಲಬುರಗಿ, ರಾಯಚೂರು ಜಿಲ್ಲೆಗಳ ಕುಟುಂಬಗಳು ಕಟ್ಟಡ ಕೆಲಸಕ್ಕಾಗಿ ಬೆಂಗಳೂರು, ಮುಂಬಯಿ, ಹೈದರಾಬಾದ್, ಗೋವಾಗಳಿಗೆ ಗುಳೆ ಹೋಗುತ್ತವೆ, ಮಳೆಗಾಲಕ್ಕೆ ಹಿಂದಿರುಗುತ್ತವೆ. ವರ್ಷದ ಹಲವು ತಿಂಗಳು ನಗರದ ತಗಡಿನ ಶೆಡ್ಡುಗಳಲ್ಲಿ ಕಳೆಯುವ ಈ ಜನರ ಪಡಿತರ ಚೀಟಿ, ಮತ, ಮಕ್ಕಳ ಶಾಲೆ ಎಲ್ಲವೂ ಊರಿನಲ್ಲಿಯೇ ಇರುತ್ತವೆ. ಹತ್ತು ವರ್ಷಕ್ಕೊಮ್ಮೆ ನಡೆಯುವ ಜನಗಣತಿಯು ಇಂತಹ ಅಲ್ಪಾವಧಿ ವಲಸೆಯನ್ನು ಹಿಡಿದಿಡಲಾರದು. 2020ರ ಮಾರ್ಚ್ ಕೊನೆಯಲ್ಲಿ ಕೋವಿಡ್ ಲಾಕ್‌ಡೌನ್ ಘೋಷಣೆಯಾದಾಗ ನಗರಗಳಿಂದ ಹೆದ್ದಾರಿಗಳಲ್ಲಿ ಕಾಲ್ನಡಿಗೆಯಿಂದ ಹೊರಟ ಕಾರ್ಮಿಕರ ಸಂಖ್ಯೆ ಆಡಳಿತಕ್ಕೆ ಅನಿರೀಕ್ಷಿತವಾಗಿ ಕಂಡದ್ದು ಇದರಿಂದಲೇ.

ಆಡಳಿತಾತ್ಮಕ ಪರಿಣಾಮಗಳು

ಒಂದು ಊರನ್ನು ಗ್ರಾಮವೆನ್ನುವುದೋ ಪಟ್ಟಣವೆನ್ನುವುದೋ ಎಂಬುದು ಕೇವಲ ಹೆಸರಿನ ಪ್ರಶ್ನೆಯಲ್ಲ. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೆಯ ತಿದ್ದುಪಡಿಯು ನಗರಾಡಳಿತ ಸಂಸ್ಥೆಗಳಿಗೆ ಸಾಂವಿಧಾನಿಕ ಸ್ಥಾನ ನೀಡಿ, ಹನ್ನೆರಡನೆಯ ಅನುಸೂಚಿಯಲ್ಲಿ 18 ವಿಷಯಗಳನ್ನು ಪಟ್ಟಿಮಾಡಿತು. ಆದರೆ ಯಾವ ಊರಿಗೆ ಯಾವ ಸ್ಥಾನವೆಂಬ ನಿರ್ಧಾರ ರಾಜ್ಯಗಳ ಕೈಯಲ್ಲಿಯೇ ಉಳಿಯಿತು. ಒಂದೊಂದು ರಾಜ್ಯದ ಮಾನದಂಡ ಒಂದೊಂದು ಬಗೆ.

ಜನಗಣತಿ ಪಟ್ಟಣಗಳು ಈ ವ್ಯವಸ್ಥೆಯ ಸಂದಿಯಲ್ಲಿ ಸಿಕ್ಕಿಕೊಂಡಿವೆ. ಹದಿನೈದು ಸಾವಿರ ಜನರಿರುವ, ಮೂರು ಅಂತಸ್ತಿನ ಕಟ್ಟಡಗಳೆದ್ದ ಊರಿನಲ್ಲಿ ಒಳಚರಂಡಿ, ಕಸ ವಿಲೇವಾರಿ, ಬೀದಿದೀಪ, ಕಟ್ಟಡ ಪರವಾನಗಿಗಳನ್ನು ಗ್ರಾಮ ಪಂಚಾಯಿತಿಯು ತನ್ನ ಕೆಲವೇ ಸಿಬ್ಬಂದಿಯೊಂದಿಗೆ ನಿಭಾಯಿಸಬೇಕಾಗುತ್ತದೆ. ಆದರೂ ಅಲ್ಲಿನವರು ನಗರ ಸ್ಥಾನ ಬೇಕೆಂದು ಯಾವಾಗಲೂ ಕೇಳುವುದಿಲ್ಲ. ಪಟ್ಟಣವಾದರೆ ಆಸ್ತಿ ತೆರಿಗೆ ಏರುತ್ತದೆ, ನಿಯಮಗಳು ಬಿಗಿಯಾಗುತ್ತವೆ. ಗ್ರಾಮೀಣ ಉದ್ಯೋಗ ಖಾತರಿಯಂತಹ, ಹಳ್ಳಿಗಳಿಗಾಗಿಯೇ ರೂಪುಗೊಂಡ ಸೌಲಭ್ಯಗಳು ಕೈತಪ್ಪುತ್ತವೆ. ಬಡ ಕೂಲಿಕಾರನಿಗೆ ಒಳಚರಂಡಿಯ ಭರವಸೆಗಿಂತ ಖಾತರಿಯ ಕೆಲಸವೇ ಹತ್ತಿರದ್ದು. ಪಂಚಾಯಿತಿ ಸದಸ್ಯರಿಗೂ ತಮ್ಮ ಸ್ಥಾನ ಕಳೆದುಕೊಳ್ಳುವ ಆತಂಕವಿರುತ್ತದೆ. ಜನಗಣತಿ ಪಟ್ಟಣಗಳನ್ನು ಶಾಸನಬದ್ಧ ನಗರ ಸಂಸ್ಥೆಗಳಾಗಿ ಪರಿವರ್ತಿಸುವಂತೆ 2016ರಲ್ಲಿ ಕೇಂದ್ರ ನಗರಾಭಿವೃದ್ಧಿ ಸಚಿವಾಲಯವು ರಾಜ್ಯಗಳನ್ನು ಕೇಳಿಕೊಂಡಿತಾದರೂ ರಾಜ್ಯಗಳ ಸ್ಪಂದನೆ ಏಕರೂಪವಾಗಿರಲಿಲ್ಲ. ದೊಡ್ಡ ಗಾತ್ರದ, ಹೆಚ್ಚು ಅನುದಾನ ಪಡೆಯುವ ಪಂಚಾಯಿತಿಗಳಿರುವ ಕೇರಳದಲ್ಲಿ ಈ ಸಮಸ್ಯೆಯ ಬಿಸಿ ಬಂಗಾಳದಷ್ಟು ತಟ್ಟುವುದಿಲ್ಲ.

ಮಹಾನಗರಗಳ ತುದಿಯಲ್ಲಿ ಚಿತ್ರ ಬೇರೆ. 2011ರಲ್ಲಿ ದೇಶದ 6.5 ಕೋಟಿ ಜನರು ಕೊಳೆಗೇರಿಗಳಲ್ಲಿ ವಾಸಿಸುತ್ತಿದ್ದರು. ಅತಿ ಹೆಚ್ಚು, ಸುಮಾರು 1.18 ಕೋಟಿ, ಮಹಾರಾಷ್ಟ್ರದಲ್ಲಿ. ಬೆಂಗಳೂರಿನಲ್ಲಿ ಒಂದೇ ಪಾಲಿಕೆಯಿಂದ ನಗರವನ್ನು ನಿರ್ವಹಿಸುವುದು ದುಸ್ತರವಾದ ಹಿನ್ನೆಲೆಯಲ್ಲಿ 2025ರಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರವನ್ನೂ ಅದರ ಅಡಿಯಲ್ಲಿ ಐದು ನಗರಪಾಲಿಕೆಗಳನ್ನೂ ರಚಿಸಲಾಯಿತು.

ಮುನ್ನಂದಾಜು ಮತ್ತು ಮುಂದಿನ ಜನಗಣತಿ

ಜನಸಂಖ್ಯಾ ಮುನ್ನಂದಾಜಿನ ತಾಂತ್ರಿಕ ತಂಡವು 2020ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ 2036ರ ವೇಳೆಗೆ ದೇಶದ ನಗರ ಜನಸಂಖ್ಯೆ 59 ಕೋಟಿಯನ್ನು ಮೀರಿ ಶೇ. 38.2 ಆಗಲಿದೆ. ಕೇರಳದಲ್ಲಿ ಅದು ಶೇ. 92ಕ್ಕೆ ಏರಬಹುದೆಂದು ವರದಿ ಹೇಳುತ್ತದೆ. 2001-11ರ ಮರುವರ್ಗೀಕರಣದ ವೇಗವೇ ಮುಂದುವರಿಯುತ್ತದೆಂಬ ಊಹೆಯ ಮೇಲೆ ಈ ಅಂಕಿ ನಿಂತಿರುವುದರಿಂದ ಅದನ್ನು ಎಚ್ಚರದಿಂದ ಬಳಸಬೇಕು.

2021ರಲ್ಲಿ ನಡೆಯಬೇಕಿದ್ದ ಜನಗಣತಿ ಕೋವಿಡ್ ಸಾಂಕ್ರಾಮಿಕದಿಂದಾಗಿ ಮುಂದೂಡಲ್ಪಟ್ಟಿತು. 2025ರ ಜೂನ್‌ನಲ್ಲಿ ಹೊರಡಿಸಿದ ಅಧಿಸೂಚನೆಯಂತೆ ಹೊಸ ಜನಗಣತಿಯ ಉಲ್ಲೇಖ ದಿನಾಂಕ 2027ರ ಮಾರ್ಚ್ 1. ಹಿಮಾವೃತ ಪ್ರದೇಶಗಳಿಗೆ 2026ರ ಅಕ್ಟೋಬರ್ 1. ಅಲ್ಲಿಯವರೆಗೆ ಜಿಲ್ಲಾ ಮಟ್ಟದ ನಗರೀಕರಣದ ಅಧಿಕೃತ ಅಂಕಿಅಂಶಗಳೆಂದರೆ 2011ರವೇ.